ಸೀಮೆಸುಣ್ಣದ ಕೋಣೆ

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಮನೆಯವರೆಲ್ಲ ಹೇಳುತ್ತಾರೆ. ಇರಲಿ ಬಿಡಿ. ದಿನವಿಡೀ ಶೀತಲ ಕೋಣೆಗಳ ನಕ್ಷೆ ಹಾಕುವವಳಿಗೆ ಮೈಯಲ್ಲಿ ಒಂದಿಷ್ಟು ಬಿಸಿ ಬೇಡವೇ?

ಆಸ್ಪತ್ರೆಯ ಪೆಥಾಲಜಿ ವಿಭಾಗದ ಹಳೆಯ ಫ್ರಿಜ್‌ಗಳನ್ನೆಲ್ಲ ತೆಗೆದು, ಒಳಗೆ ನಡೆದುಹೋಗುವಂಥ ಒಂದೇ ದೊಡ್ಡ ತಣ್ಣನೆಯ ಕೋಣೆ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನನ್ನ ಅಕ್ಕ ಅಲ್ಲೇ ಟೆಕ್ನಿಶಿಯನ್. ರೋಗಿಗಳ ಮೈಯಿಂದ ತೆಗೆದ ತುಣುಕುಗಳನ್ನು, ರಕ್ತದ ಸೀಸೆಗಳನ್ನು ಅವಳು ಹಸುಗೂಸುಗಳಂತೆ ನೋಡಿಕೊಳ್ಳುತ್ತಾಳೆ.

"ಹೊಸ ಕೋಣೆ ನಿಮ್ಮದೇ ಜವಾಬ್ದಾರಿ," ಎಂದು ವಿಭಾಗದ ಡಾಕ್ಟರಮ್ಮ ಅಕ್ಕನಿಗೆ ಹೇಳಿದ್ದರು. "ಒಳಗೆ ಹೋಗೋಕಾಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ರಸೀದಿ ಕೌಂಟರ್‌ಗೆ ಹಾಕ್ತೀನಿ."

ರಸೀದಿ ಹರಿಯುತ್ತಾ ಕೂರುವ ಅಕ್ಕ! ಮೀನನ್ನು ತಂದು ಮರದ ಮೇಲೆ ಕೂರಿಸಿದ ಹಾಗೆ. ಆದರೆ ಅಕ್ಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅದಕ್ಕೆ ಕಾರಣವಿತ್ತು.

ನಾವು ಚಿಕ್ಕವರಿದ್ದಾಗ ಅಪ್ಪ ಹಣ್ಣಿನ ಶೀತಲ ಗೋದಾಮು ನಡೆಸುತ್ತಿದ್ದರು. ಅದರ ಬಾಗಿಲಿಗೆ ಚಿಲಕ ಇದ್ದದ್ದು ಹೊರಗಡೆ ಮಾತ್ರ. ಹಾಗಾಗಿ ಮುಚ್ಚುವ ಮುಂಚೆ ಒಳಗೆ ತಲೆ ಹಾಕಿ "ಯಾರಾದ್ರೂ ಇದ್ದೀರಾ?" ಎಂದು ಕೂಗುವುದು ಅಪ್ಪನ ಪದ್ಧತಿ. ಒಂದು ದಿನ ಅಕ್ಕ ಸೇಬಿನ ಪೆಟ್ಟಿಗೆಗಳ ಹಿಂದೆ ಅವಿತುಕೊಂಡಿದ್ದಳು. ಕಣ್ಣಾಮುಚ್ಚಾಲೆಯಲ್ಲಿ ಅಡಗಿದವರು ಓಗೊಡುತ್ತಾರೆಯೇ? ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳಂತೆ. ಅಪ್ಪ ಬಾಗಿಲು ಹಾಕಿಬಿಟ್ಟರು. ಅಮ್ಮ ಊಟಕ್ಕೆ ಕರೆದಾಗಲೇ ಎಲ್ಲರಿಗೂ ತಿಳಿದದ್ದು.

ಅಕ್ಕ ಉಳಿದಳು. ಗೋದಾಮು ಉಳಿಯಲಿಲ್ಲ, ಅಪ್ಪ ಮಾರಿಬಿಟ್ಟರು. ಈಗಲೂ ಅಡುಗೆಮನೆಯ ಫ್ರಿಜ್ ಮುಚ್ಚುವ ಮುಂಚೆ "ಯಾರಾದ್ರೂ ಇದ್ದೀರಾ?" ಅನ್ನುತ್ತಾರೆ. "ಇದ್ದೀವಪ್ಪಾ, ಎರಡು ಟೊಮೆಟೊ," ಅಂತ ನಾನು ರೇಗಿಸುತ್ತೇನೆ. ಅಪ್ಪ ನಗುವುದಿಲ್ಲ. ಅಕ್ಕನೂ ನಗುವುದಿಲ್ಲ. ಆ ದಿನದ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ನನ್ನದೊಂದು ರೂಢಿ ಇದೆ. ನಕ್ಷೆಯನ್ನು ಮೊದಲು ಖಾಲಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಕಣ್ಣು ಮುಚ್ಚಿಕೊಂಡು ಅದರೊಳಗೆ ಓಡಾಡುತ್ತೇನೆ. ಗೆರೆಗಳು ಮೆಲ್ಲಗೆ ಎದ್ದು ಗೋಡೆಗಳಾಗುತ್ತವೆ. ಬಲಕ್ಕೆ ರಕ್ತದ ಸೀಸೆಗಳ ಕಪಾಟು, ಎಡಕ್ಕೆ ರಾಸಾಯನಿಕಗಳು, ನಡುವೆ ಟ್ರಾಲಿ ತಿರುಗುವಷ್ಟು ಜಾಗ. ಇಡೀ ಕೋಣೆ ಬಿಸಿಲಿಗೆ ಕಾಯುವ ಗೋಡೆಯಿಂದ ದೂರ. ತಂಪು ಮಾಡುವ ಒಂದು ಯಂತ್ರ ಕೈಕೊಟ್ಟರೆ ಇನ್ನೊಂದು. ಅಷ್ಟು ಹೊತ್ತಿಗೆ ನನಗೆ ನಿಜವಾಗಿಯೂ ಚಳಿ ಹತ್ತುತ್ತದೆ, ಇನ್ನೂ ಬಾರದ ಯಂತ್ರದ ಗುಂಯ್ ಸದ್ದು ಕಿವಿಯಲ್ಲಿ ಜೋಗುಳ ಹಾಡುತ್ತದೆ. ಹುಚ್ಚು ಅನ್ನುವವರು ಅನ್ನಲಿ, ನನಗೇನು.

ಅವತ್ತು ಕಣ್ಣು ಬಿಟ್ಟಾಗ ಅಕ್ಕ ಖಾಲಿ ಟ್ರೇ ಹಿಡಿದು ಬಾಗಿಲಿನ ಗೆರೆಯ ಆಚೆ ನಿಂತಿದ್ದಳು.

"ಬಾರೇ ಒಳಗೆ," ಅಂದೆ.

"ಇಲ್ಲಿಂದಾನೇ ಎಲ್ಲಾ ಕಾಣ್ಸುತ್ತೆ ಬಿಡು."

"ಅಯ್ಯೋ, ಗೋಡೆಯಿಲ್ಲ, ಬಾಗಿಲಿಲ್ಲ, ಬರೀ ಸುಣ್ಣದ ಗೆರೆ ಅಕ್ಕಾ ಇದು!" ನನಗೆ ರೇಗಿಹೋಯಿತು. "ಒಳಗಿಂದ ತಳ್ಳಿದ್ರೆ ತೆರ್ಕೊಳ್ಳೋ ಹಿಡಿ ಇಡ್ತೀನಿ. ನೋಡಿಲ್ಲಿ, ಎದೆ ಮಟ್ಟಕ್ಕೆ. ಕತ್ತಲಲ್ಲೂ ಹೊಳೆಯುತ್ತೆ. ಇನ್ನೇನು ಬೇಕು ನಿಂಗೆ?"

ಅಕ್ಕ ಟ್ರೇಯನ್ನು ಎದೆಗವಚಿಕೊಂಡಳು.

"ನಾನು ಆವತ್ತು ನಿಂತಿರ್ಲಿಲ್ಲ ಕಣೇ. ಮೊದ್ಲು ನಿಂತ್ಕೊಂಡು ಬಡಿದೆ. ಆಮೇಲೆ ಕಾಲು ಸೋತು ಕೂತ್ಬಿಟ್ಟೆ. ಕೂತವಳಿಗೆ ನಿನ್ನ ಹಿಡಿ ಸಿಗುತ್ತಾ?"

ನಾನು ಕನಸಿನಲ್ಲಿ ಓಡಾಡಿದ ಕೋಣೆಗಳಲ್ಲೆಲ್ಲ ಜನ ನಿಂತೇ ಇರುತ್ತಿದ್ದರು. ಅಲ್ಲೇ ನೆಲದ ಮೇಲೆ ಕೂತು ಕೈ ಚಾಚಿ ನೋಡಿದೆ. ಎದೆ ಮಟ್ಟದ ಹಿಡಿ ಎಲ್ಲೋ ಆಕಾಶದಲ್ಲಿತ್ತು. ನಕ್ಷೆಯಲ್ಲಿ ಅದನ್ನು ಅಳಿಸಿ, ಬಾಗಿಲಿನ ಮೇಲಿಂದ ನೆಲದವರೆಗೂ ಒಂದೇ ಉದ್ದನೆಯ ಸರಳು ಎಳೆದೆ, ಎಲ್ಲಿ ಒತ್ತಿದರೂ ತೆರೆಯುವಂಥದ್ದು.

ಕೋಣೆ ಸಿದ್ಧವಾದ ದಿನ ಅಪ್ಪನೂ ಬಂದರು. ಬೇಡವೆಂದರೂ ಕೇಳಲಿಲ್ಲ. ಅಕ್ಕ ಟ್ರೇ ಹಿಡಿದು ಹೊಸ್ತಿಲಲ್ಲಿ ನಿಂತಳು, ಉಸಿರು ಎಳೆದುಕೊಂಡಳು, ಒಳಗೆ ಕಾಲಿಟ್ಟೇಬಿಟ್ಟಳು. ಬಿಳಿ ಮಂಜಿನಂಥ ಬೆಳಕಿನಲ್ಲಿ ಕಪಾಟುಗಳ ಹಿಂದೆ ಮರೆಯಾದಳು. ಬಾಗಿಲು ಅಪ್ಪನ ಕೈಯಲ್ಲಿತ್ತು. ಅಭ್ಯಾಸಬಲ, ಒಳಗೆ ತಲೆ ಹಾಕಿದರು.

"ಯಾರಾದ್ರೂ ಇದ್ದೀರಾ?"

ಯಂತ್ರ ಗುಂಯ್‌ಗುಟ್ಟುತ್ತಿತ್ತು.

"ನಾನಿದ್ದೀನಪ್ಪಾ," ಅಂದಳು ಅಕ್ಕ.

ಅಪ್ಪ ಮಗುವಿನ ಹಾಗೆ ಅತ್ತುಬಿಟ್ಟರು. "ಹಾಗಾದ್ರೆ ನಾನು ಹಾಕಲ್ಲ ಕಣಮ್ಮಾ."

"ಹಾಕಪ್ಪಾ. ನಾನೇ ತೆಗೀತೀನಿ."

ಅವರು ಬಾಗಿಲು ಹಾಕಿದರು. ನಾವು ಕಾದೆವು. ಒಳಗಿಂದ ಸದ್ದೇ ಇಲ್ಲ. ಅಪ್ಪನ ಕೈ ಹೊರಗಿನ ಹಿಡಿಯತ್ತ ಹೋಯಿತು. ಅವರ ಕೈಯನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಕಟಕ್ ಎಂದಿತು. ಬಾಗಿಲು ತೆರೆಯಿತು. ಅಕ್ಕ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು, ಒಂದು ಕೈ ಸರಳಿನ ಬುಡದಲ್ಲಿ.

"ಸಿಗುತ್ತೆ ಕಣೇ," ಅಂದಳು.