ಮೇಜಿನ ಕೆಳಗಿನ ಕೈ

"ಸ್ನಾನ ಯಾರು ಮಾಡಿಸ್ತಾರೆ?" ಕಚೇರಿಯಿಂದ ಬಂದಿದ್ದ ಮೇಡಂ ಕೇಳಿದರು.

"ಅಯ್ಯೋ, ಅವನೇ ಮಾಡ್ಕೋತಾನೆ," ಎಂದಳು ಅಮ್ಮ.

ಬಾಗಿಲಿಗೆ ಒರಗಿದ್ದ ತಂಗಿ ತಲೆ ತಗ್ಗಿಸಿದಳು. ಅಣ್ಣನಿಗೆ ಆಟಿಸಂ, ವಯಸ್ಸು ಮೂವತ್ತು ದಾಟಿದೆ. ಅವನನ್ನು ಲಾಂಡ್ರಿ ಕೆಲಸಕ್ಕೆ ಕರೆದೊಯ್ದು ಕರೆತರುವ ಸಹಾಯಕಿಗೆ ಸರ್ಕಾರ ಸಂಬಳ ಕೊಡುತ್ತಿತ್ತು. ಅದನ್ನು ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಮೇಡಂ ಬಂದಿದ್ದರು. ಅಮ್ಮನಿಗೂ ಅದು ಗೊತ್ತು. ಆದರೆ ಹೊರಗಿನವರೆದುರು ಮಗನ ಕೊರತೆ ಹೇಳಲು ಅವಳಿಗೆ ನಾಲಿಗೆ ಏಳದು. ಯಾರೇ ಬರಲಿ, ತಲೆ ಬಾಚಿ, ಪೌಡರ್ ಹಾಕಿ, ಫೋಟೊಗೆ ಕೂರಿಸಿದಂತೆ ಕೂರಿಸಿಬಿಡುತ್ತಾಳೆ.

"ಬಸ್ಸಲ್ಲಿ ಒಬ್ಬರೇ ಹೋಗ್ತೀರಾ?" ಮೇಡಂ ಅಣ್ಣನನ್ನು ಕೇಳಿದರು.

ಮೇಜಿನ ಕೆಳಗೆ ಅಮ್ಮನ ಕೈ ಅವನ ಮೊಣಕಾಲು ಒತ್ತಿತು. ಒತ್ತಿದರೆ 'ಹೂಂ' ಅನ್ನಬೇಕು. ಬೆಳಗ್ಗೆಯಿಂದ ಅದೇ ಪಾಠ.

"ಹೂಂ," ಎಂದ.

"ಸಂತೋಷ. ಹಾಗಾದ್ರೆ ಸಹಾಯಕಿ ಬೇಕಾಗಿಲ್ಲ ಅಂತ ಬರ್ಕೊಳ್ಲಾ?"

ಅಮ್ಮನ ಮುಖ ಇಳಿಯಿತು. ಆಡಿದ ಮಾತನ್ನು ಈಗ ನುಂಗುವುದು ಹೇಗೆ?

"ಅಮ್ಮಾ, ಕೈ ತೆಗಿ," ಎಂದಳು ತಂಗಿ. "ಇನ್ನೊಂದ್ಸಲ ಕೇಳಿ ಮೇಡಂ."

"ಇವಳಿಗೆ ಯಾವಾಗ ಬಾಯಿ ಬಂತು!" ಅಮ್ಮ ಗೊಣಗಿದಳು. ಕೈ ಮಾತ್ರ ಮಡಿಲಿಗೆ ಬಂತು.

ಮೇಡಂ ಮತ್ತೆ ಕೇಳಿದರು. ಅಣ್ಣ ಮೊಣಕಾಲು ನೋಡಿಕೊಂಡು ಕಾದ. ಕೈ ಬರಲಿಲ್ಲ.

"ಬಸ್ಸು ಕಿರುಚುತ್ತೆ," ಎಂದ ನಿಧಾನವಾಗಿ. "ಎರಡೂ ಕಿವಿ ಮುಚ್ಕೋತೀನಿ. ಕಂಬಿ ಹಿಡಿಯೋಕೆ ಕೈ ಉಳಿಯಲ್ಲ. ಕರ್ಕೊಂಡು ಹೋಗೋ ಅಕ್ಕ ನನ್ನ ಹಿಡ್ಕೋತಾರೆ."

"ಲಾಂಡ್ರೀಲಿ ಏನ್ಮಾಡ್ತೀರಾ?"

"ಬೆಡ್‌ಶೀಟ್ ಮಡಿಸ್ತೀನಿ. ಮೂಲೆಗೆ ಮೂಲೆ. ಅಮ್ಮ ಮಡಿಸೋದು ಸೊಟ್ಟ."

"ಹುಟ್ಟಿದಾಗಿಂದ ಆ ಸೊಟ್ಟದ್ದನ್ನೇ ಹೊದ್ಕೊಂಡು ಮಲಗಿದ್ದೀಯಲ್ಲೋ, ಮಹರಾಯ!" ಅಮ್ಮನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣೊರೆಸಿಕೊಂಡು ಹೇಳಿದಳು: "ಸ್ನಾನಕ್ಕೂ ನಾನೇ ನಿಂತಿರ್ಬೇಕು ಮೇಡಂ. ಈಗೀಗ ಸೊಂಟ ಹಿಡ್ಕೊಳ್ಳುತ್ತೆ."

"ಅದನ್ನ ಹೇಳಿ ಮತ್ತೆ! ಬೆಳಗ್ಗೆ ಹೊತ್ತು ಮನೆಗೂ ಒಬ್ಬರನ್ನ ಕಳಿಸೋಕೆ ಈ ವರ್ಷ ಹಣ ಬಂದಿದೆ. ಎಲ್ಲರೂ 'ನಮ್ಮ ಹುಡುಗ ಚೆನ್ನಾಗಿದ್ದಾನೆ' ಅಂತಾರೆ, ಹಣ ವಾಪಸ್ ಹೋಗುತ್ತೆ."

ಸಹಾಯಕಿಯ ಕೆಲಸ ಮುಂದುವರಿಯಿತು; ಮುಂದಿನ ತಿಂಗಳು ಬೆಳಗಿನ ಹೊತ್ತಿಗೆ ಒಬ್ಬ ಸಹಾಯಕನೂ ಬಂದ.

"ನೀರು ಹದ ಇದೆಯಾ ಸಾಹೇಬ್ರೇ?" ಬಚ್ಚಲಿನಿಂದ ಅವನ ದನಿ.

"ಇನ್ನೂ ಸ್ವಲ್ಪ ತಣ್ಣೀರು," ಅಣ್ಣನ ದನಿ.

ಅಮ್ಮ ಅಡುಗೆಮನೆಯ ಸ್ಟೂಲಿನಿಂದ ಎದ್ದಳು, ಕೂತಳು, ಮತ್ತೆ ಎದ್ದಳು. ಆಮೇಲೆ ಕಿಟಕಿ ತೆರೆದು, ನೆಲದ ಮೇಲೆ ಬಿಸಿಲು ಬಿದ್ದಲ್ಲಿ ಕಾಲು ಚಾಚಿ ಕೂತಳು.