ಉಸಿರು ಹಾದ ದಾರಿ

ನಾನು ಒಂದು ಸೌಂಡ್ ಕಾರ್ಡ್. ಅಂಗೈಯಗಲದ ಹಸಿರು ಹಲಗೆ, ಮೇಲೆ ಜೋಳದ ಕಾಳಿನಂಥ ಬಿಡಿಭಾಗಗಳು, ಅಂಚಿಗೆ ಚಿನ್ನದ ಬಣ್ಣದ ಹಲ್ಲುಗಳು. ಯಾವುದೋ ದೂರದ ಕಾರ್ಖಾನೆಯಲ್ಲಿ ಬಿಸಿ ಬೆಸುಗೆ ನನ್ನ ಬೆನ್ನು ಸವರಿ ಹೋದದ್ದೇ ಮೊದಲ ನೆನಪು. ಆಮೇಲೆ ಪೆಟ್ಟಿಗೆಯ ಕತ್ತಲು, ಹಡಗಿನ ತೂಗಾಟ, ಉದ್ದನೆಯ ನಿದ್ದೆ. ಎಚ್ಚರಾದಾಗ ಗಂಗಾವತಿಯ ಕಂಪ್ಯೂಟರ್ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿದ್ದೆ.

ಬಂದವರೆಲ್ಲ ಸ್ಪೀಕರ್ ಎಷ್ಟು ಜೋರಾಗಿ ಗುಡುಗುತ್ತದೆ ಎಂದೇ ಕೇಳುತ್ತಿದ್ದರು. ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ಪಂಪಾಪತಿ ಮಾತ್ರ ಹಾಗೆ ಕೇಳಲಿಲ್ಲ. ಅಂಗಡಿಯವ ಆಟಗಳಿಗೆಂದೇ ಮಾಡಿದ ದೊಡ್ಡ ಕಾರ್ಡೊಂದನ್ನು ಹೊಗಳುತ್ತಿರುವಾಗ ನಡುವೆ ಬಾಯಿ ಹಾಕಿದ.

"ಹೊರಗ ಹೋಗೋ ದನಿ ಬಿಡಣ್ಣ. ಒಳಗ ಬರೋ ದನಿ ಯಾವುದರಾಗ ಚೊಕ್ಕ ಇರ್ತೈತಿ?"

ಅಂಗಡಿಯವ ತಲೆ ಕೆರೆದುಕೊಂಡು, ಮೂಲೆಯಲ್ಲಿದ್ದ ನನ್ನನ್ನು ತೆಗೆದುಕೊಟ್ಟ.

ಪಂಪಾಪತಿಗೆ ಅವಸರವಿತ್ತು. ಅವನ ಹೆಂಡತಿ ಹುಲಿಗೆಮ್ಮನ ಅಪ್ಪ ದುರುಗಪ್ಪ ಶಹನಾಯಿ ನುಡಿಸುತ್ತಿದ್ದವನು. ಅವನು ತೀರಿಕೊಂಡ ಮೇಲೆ ಅಳಿಯ ಕೀಬೋರ್ಡಿನ ಗುಂಡಿಗಳನ್ನು ತಿರುಗಿಸುತ್ತ, ಬಗ್ಗಿಸುತ್ತ, ಎಂದೋ ಒಂದು ದಿನ ಒಂದು ದನಿಯನ್ನು ಹಿಡಿದಿದ್ದ. ಪ್ರತಿ ಸ್ವರಕ್ಕೂ ಮುಂಚೆ ಅದರಲ್ಲಿ, ಮಾವ ಶಹನಾಯಿ ಊದುವ ಮುಂಚೆ ಎಳೆದುಕೊಳ್ಳುತ್ತಿದ್ದಂಥದೇ, ಸಣ್ಣದೊಂದು ಉಸಿರು ಕೇಳುತ್ತಿತ್ತು. ಮೊದಲ ಸಲ ಕೇಳಿದಾಗ ಅಕ್ಕಿ ಆರಿಸುತ್ತಿದ್ದ ಹುಲಿಗೆಮ್ಮನ ಕೈ ಮೊರದಲ್ಲೇ ನಿಂತಿತ್ತಂತೆ. ಈಗ ಕೀಬೋರ್ಡಿನೊಳಗೆ ಆ ದನಿಯ ಜೀವ ಹಿಡಿದಿಟ್ಟ ಬಿಲ್ಲೆ ಸೆಲ್ ಸಾಯುತ್ತಿತ್ತು. ಸೆಲ್ ಬದಲಿಸಿದರೆ ಕೈಯಾರೆ ಮಾಡಿಟ್ಟ ದನಿಗಳೆಲ್ಲ ಅಳಿಸಿಹೋಗುತ್ತವೆ ಎಂದಿದ್ದ ರಿಪೇರಿಯವನು. ಫ್ಲಾಪಿ ನುಂಗುವ ಬಾಯಂತೂ ಎಂದೋ ಕೆಟ್ಟಿತ್ತು. ಅಳಿಯುವ ಮುಂಚೆ ಆ ದನಿಯನ್ನು ನನ್ನ ಮೂಲಕ ಮನೆಯ ಕಂಪ್ಯೂಟರಿನೊಳಗೆ ತುಂಬಿಡಬೇಕಿತ್ತು.

ಹುಲಿಗೆಮ್ಮ ಶಾಲೆಯ ಬಿಸಿಯೂಟದ ಕೆಲಸ ಮುಗಿಸಿ ಬಂದ ಮಧ್ಯಾಹ್ನ ಕೀಬೋರ್ಡಿನ ತಂತಿಯನ್ನು, ಕಂಪ್ಯೂಟರಿನೊಳಗೆ ಕೂತಿದ್ದ ನನಗೆ ಸಿಕ್ಕಿಸಿದರು. ಪಂಪಾಪತಿ ನುಡಿಸಿದ. ಡೊಳ್ಳು, ಡ್ರಮ್ಮು, ಊಟದ ಪಂಕ್ತಿಯ ಗದ್ದಲ ಎಲ್ಲವನ್ನೂ ಮೀರಿ ಕೇಳಿಸಿ ರೂಢಿಯಾದವನು. ಸದ್ದಿನ ಗುಂಡಿ ಪೂರ್ತಿ ಏರಿಸಿಯೇ ಇಟ್ಟಿದ್ದ. ನನ್ನ ಗಂಟಲು ಕಟ್ಟಿತು. ಸ್ವರಗಳು ಹರಿದು ಚಿಂದಿಯಾದವು, ಉಸಿರು ಅದರಲ್ಲಿ ಎಲ್ಲೋ ಮುಚ್ಚಿಹೋಯಿತು. ಮತ್ತೆ ನುಡಿಸಿದರೂ ಅದೇ. ಕಾರ್ಡೇ ಕೆಟ್ಟದ್ದು, ವಾಪಸು ಕೊಟ್ಟು ಬರುತ್ತೇನೆಂದು ಸ್ಕ್ರೂ ಡ್ರೈವರ್ ಹುಡುಕತೊಡಗಿದ.

ಹುಲಿಗೆಮ್ಮ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ದಣಿದ ದನಿಯಲ್ಲೇ ಹೇಳಿದಳು:

"ಊರಿಗೆಲ್ಲ ಯಾಕ ಕೇಳಿಸ್ತೀರಿ? ನಾ ಇಲ್ಲೇ ಅದೀನಿ. ನನಗಷ್ಟ ಕೇಳೂವಂಗ ಬಾರಸ್ರಿ."

ಅವನು ಅವಳನ್ನೇ ನೋಡುತ್ತ ಗುಂಡಿ ಇಳಿಸಿದ. ಕೀಬೋರ್ಡಿನ ಕಪ್ಪು-ಬಿಳಿ ಮನೆಗಳಲ್ಲಿ ಒಂದೊಂದರ ಮೇಲೇ ಬೆರಳಿಟ್ಟ. ಆಗ ಬಂದಿತು ನೋಡಿ, ತಂತಿಯುದ್ದಕ್ಕೂ, ನಿದ್ದೆಯಲ್ಲಿರುವವರು ಮಗ್ಗುಲು ಬದಲಿಸುವಾಗಿನಂಥ ಒಂದು ಉಸಿರು. ಅದರ ಹಿಂದೆಯೇ ಸ್ವರ. ಸತ್ತವನೊಬ್ಬ ಚಪ್ಪಲಿ ಬಾಗಿಲಲ್ಲಿ ಬಿಟ್ಟು ನನ್ನ ಮೂಲಕ ಒಳಗೆ ನಡೆದುಹೋದಂತೆ. ಕೊನೆಯ ಮನೆ ಮುಗಿಯುವಷ್ಟರಲ್ಲಿ ಹುಲಿಗೆಮ್ಮನಿಗೆ ಕೂತಲ್ಲೇ ನಿದ್ದೆ ಹತ್ತಿತ್ತು.

ಸೆಲ್ ಬದಲಾಯಿತು. ಕೀಬೋರ್ಡ್ ಎಲ್ಲವನ್ನೂ ಮರೆತು ಬಂದಿತು. ದನಿ ಮಾತ್ರ ಕಂಪ್ಯೂಟರಿನಲ್ಲಿ ಉಳಿಯಿತು, ಅಲ್ಲಿಂದ ಸಿ.ಡಿ.ಗೆ, ಮುಂದೆ ಹೊಸ ಲ್ಯಾಪ್‌ಟಾಪಿಗೆ ಹೋಯಿತು. ಹಳೆಯ ಕಂಪ್ಯೂಟರ್ ಗುಜರಿಗೆ ಹೊರಟ ದಿನ ಹುಲಿಗೆಮ್ಮ ಗಾಡಿಯವನನ್ನು ತಡೆದು ನನ್ನನ್ನು ಬಿಚ್ಚಿಸಿಕೊಂಡಳು.

ಅವನು ನನ್ನನ್ನು ಹಿಂದುಮುಂದು ಮಾಡಿ ನೋಡಿ, "ಇದರಾಗ ಏನೂ ಉಳದಿರಂಗಿಲ್ಲಕ್ಕ," ಅಂದ.

"ಗೊತ್ತೈತಪ್ಪ," ಅಂದಳು ಆಕೆ. "ಹಾದು ಹೋಗಿದ್ದು ಇದರಾಗಿಂದನ ಅಲ್ಲೇನು?"

ಈಗ ನನ್ನ ವಾಸ ಅವಳ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಗುಂಡಿ, ದಾರದುಂಡೆಗಳ ನಡುವೆ. ಗಾಡಿಯವನು ಹೇಳಿದ್ದು ಸರಿ, ನನ್ನಲ್ಲಿ ಏನೂ ಉಳಿದಿಲ್ಲ. ಆದರೂ ಸೂಜಿ ಹುಡುಕಲು ಬಂದ ಅವಳ ಬೆರಳು ಕೆಲವೊಮ್ಮೆ ನನ್ನ ಮೇಲೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತದೆ. ಆಗ ಅವಳು ಉಸಿರೆಳೆದುಕೊಳ್ಳುವುದು ನನಗೆ ಕೇಳುತ್ತದೆ. ಥೇಟು ಅಪ್ಪನದೇ.