ಯಾರದೋ ತೇಗು

ಹೊಟ್ಟೆನೋವೆಂದು ಬಂದಿದ್ದ ಗುರುಬಾಯಿಯ ಹೊಕ್ಕುಳದ ಸುತ್ತ ಎಣ್ಣೆ ಹಚ್ಚಿ ಹೆಬ್ಬೆರಳು ಊರುತ್ತಿದ್ದಂತೆ ನೂರಜಹಾನಳಿಗೆ ತೇಗು ಬಂತು. ಒಂದಲ್ಲ, ಸಾಲಾಗಿ ನಾಲ್ಕು. ಬಾಯಿತುಂಬ ಮೆಂತ್ಯ ಸೊಪ್ಪಿನ ರುಚಿ.

"ಮುಂಜಾನೆ ಮೆಂತ್ಯೆಪಲ್ಲೆ ತಿಂದೀಯೇನ?" ಎಂದು ಕೇಳಿದಳು.

ಚಾಪೆಯ ಮೇಲೆ ಮಲಗಿದ್ದ ಗುರುಬಾಯಿ ಹೌದೆಂದಳು. ಹೊಟ್ಟೆ ಹಗುರಾಯಿತೆಂದು ಸೀರೆ ಸರಿಮಾಡಿಕೊಂಡು ಎದ್ದು ಹೋದಳು.

ಮಲಾಡ್‌ನ ಆ ಚಾಳಿನ ಸಾಲುಖೋಲಿಗಳಲ್ಲಿ ಇದೇನೂ ಹೊಸದಲ್ಲ. ವಿಜಯಪುರದಲ್ಲಿದ್ದಾಗ ನೂರಜಹಾನಳ ತಾಯಿಯೂ ಹೀಗೇ ಹೊಟ್ಟೆ ತಿಕ್ಕುತ್ತಿದ್ದಳು. ನೋವು ಬಂದವರದು, ತೇಗು ತಿಕ್ಕಿದವಳದು. ಅವರು ತಿಂದದ್ದರ ರುಚಿಯೂ ಇವಳ ನಾಲಿಗೆಗೇ ಬರಬೇಕು. ಕೊನೆಗೆ ಉಪ್ಪುನೀರಿನಲ್ಲಿ ಕೈ ತೊಳೆದರೆ ಎಲ್ಲ ನಿಲ್ಲುತ್ತಿತ್ತು.

ಆವತ್ತು ನಿಲ್ಲಲಿಲ್ಲ. ಮೂರು ದಿನ ಯಾರ ಹೊಟ್ಟೆಯನ್ನೂ ಮುಟ್ಟದಿದ್ದರೂ ತೇಗು ಬರುತ್ತಲೇ ಇತ್ತು. ಜೊತೆಗೆ ಎದೆಗೂಡಿನ ಕೆಳಗೆ ಹಿಂಡುವ ನೋವು. ಈ ತೇಗಿಗೆ ಯಾವ ಊಟದ ರುಚಿಯೂ ಇಲ್ಲ, ಬರೀ ಹುಳಿ. ಮಧ್ಯಾಹ್ನ ಖೋಲಿಯಲ್ಲಿ ಒಬ್ಬಳೇ ಕುಳಿತಾಗ, ಯಾರೋ ಬಂದು ಚಾಪೆಯ ಮೇಲೆ ಮಲಗಿದ್ದಾರೆ, ತನಗೆ ಮಾತ್ರ ಕಾಣುತ್ತಿಲ್ಲ ಅನ್ನಿಸುತ್ತಿತ್ತು. ಅವಳು ಚಾಪೆ ಸುತ್ತಿ ಮೂಲೆಗಿಟ್ಟಳು. ಹೆದರಿಕೆ ಹೋಗಲಿಲ್ಲ. ತೇಗು ತನ್ನದೇ ಇರಬಹುದೆಂದು ಮಾತ್ರ ಹೊಳೆಯಲಿಲ್ಲ. ಮೂವತ್ತು ವರ್ಷ ಊರವರ ತೇಗು ತೇಗಿದವಳಿಗೆ ಸ್ವಂತದ್ದೊಂದು ಇರುತ್ತದೆಂದು ಯಾರು ಹೇಳಬೇಕು?

ಇದು ಯಾರ ತೇಗೆಂದು ಲೆಕ್ಕ ಹಾಕಿ ಹಾಕಿ ಕೊನೆಗೆ ಗಂಡನದೇ ಎಂದುಕೊಂಡಳು. ಲಾಲಸಾಬ ರಿಕ್ಷಾ ಓಡಿಸುವವನು, ಹೊತ್ತಿಗೆ ಸರಿಯಾಗಿ ಉಂಡವನಲ್ಲ. ಆತ ಎಷ್ಟು ಬೇಡವೆಂದರೂ ಕೇಳದೆ ದವಾಖಾನೆಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಅವನ ಎದೆಗೆ ತಂತಿ ಅಂಟಿಸಿ ಹೃದಯದ ಬಡಿತದ ಕಾಗದ ತೆಗೆದು, ಸದ್ಯಕ್ಕೆ ಎಲ್ಲ ಸರಿಯಿದೆ ಎಂದರು. ಅಷ್ಟರಲ್ಲಿ ಪಕ್ಕದಲ್ಲಿದ್ದ ನೂರಜಹಾನ ಮೂರು ಸಲ ತೇಗಿದ್ದಳು. ಎಷ್ಟು ದಿನದಿಂದ ಹೀಗೆ ಎಂದು ಡಾಕ್ಟರಮ್ಮ ಅವಳನ್ನೇ ಕೇಳಿದರು.

"ಇದು ನಂದಲ್ರಿ, ಇವರದು," ಎಂದಳು ನೂರಜಹಾನ.

ಡಾಕ್ಟರಮ್ಮ ನಗಲಿಲ್ಲ. ಹೊಟ್ಟೆ ಖಾಲಿಯಿದ್ದಾಗ ನೋವು ಹೆಚ್ಚೇ, ಮಂಡಿನೋವಿಗೆ ಗುಳಿಗೆ ನುಂಗುತ್ತೀರಾ ಎಂದು ಕೇಳಿದರು. ಎರಡೂ ಹೌದು. ಗಂಟಲಿನಿಂದ ಕ್ಯಾಮೆರಾ ಇಳಿಸಿ ನೋಡಿದಾಗ ಅವಳ ಜಠರದಲ್ಲಿ ಹುಣ್ಣು. ಎರಡು ವಾರದ ಗುಳಿಗೆ, ಹೊತ್ತುಹೊತ್ತಿಗೆ ಸ್ವಲ್ಪಸ್ವಲ್ಪ ಊಟ, ಚಹಾ ಕಡಿಮೆ, ಮಂಡಿಯ ಗುಳಿಗೆ ಬಂದ್.

ನೋವು ಹೋಯಿತು. ತೇಗೂ ಹೋಯಿತು. ಮಗಳು ಆರಿಫಾ, "ಅಮ್ಮಿ, ಎಲ್ಲಾ ನಿಂದೇ ಇತ್ತು," ಎಂದು ತಬ್ಬಿಕೊಂಡಳು. ನೂರಜಹಾನಳಿಗೆ ನಾಚಿಕೆಯಾಯಿತು, ಮೂವತ್ತು ವರ್ಷದ್ದೆಲ್ಲ ಸುಳ್ಳೇ ಇರಬೇಕೆಂದು ಒಳಗೊಳಗೇ ದುಃಖವೂ ಆಯಿತು. ಹೊಟ್ಟೆ ತಿಕ್ಕಿಸಿಕೊಳ್ಳಲು ಬಂದವರನ್ನೆಲ್ಲ ದವಾಖಾನೆಗೆ ಹೋಗಿರೆಂದು ಕಳಿಸಿದಳು.

ಎರಡು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಅವಳು ಮೊಸರನ್ನ ಉಂಡು ಕುಳಿತಿದ್ದಾಗ ಲಾಲಸಾಬ ಬಂದ. ಬೆನ್ನು ಹಿಡಿದಂತಾಗಿದೆ, ಗ್ಯಾಸ್ ಇರಬೇಕು ಎಂದ. ಏನೂ ಯೋಚಿಸದೆ ಅವಳು ಅವನ ಬೆನ್ನಿನ ಮೇಲೆ ಕೈಯಿಟ್ಟಳು.

ತೇಗು ಬಂತು. ಬಾಯಿತುಂಬ ವಡಾಪಾವಿನ ಬೆಳ್ಳುಳ್ಳಿ ಚಟ್ನಿಯ ರುಚಿ. ಅದರ ಹಿಂದೆ, ನಾಣ್ಯ ನೆಕ್ಕಿದಾಗ ಬರುವಂಥ ಇನ್ನೊಂದು ರುಚಿ.

"ಹಗೂರಾತು ನೋಡು," ಎಂದು ಲಾಲಸಾಬ ಎದ್ದ.

"ದವಾಖಾನಿಗಿ ಹೋಗೂಣು ನಡ್ರಿ. ಈಗಿಂದೀಗ."

"ಹೋದ ಸಲ ನಂದಂದಿ, ನಿಂದಾತು," ಎಂದು ನಕ್ಕು, ಮುಖ ತೊಳೆಯಲು ಮೂಲೆಯ ಬಚ್ಚಲಮೋರಿಗೆ ಹೋದ. ನೀರು ಬಿಟ್ಟ ಸದ್ದಾಯಿತು.

ನೂರಜಹಾನ ಕುಳಿತಲ್ಲೇ ಇದ್ದಳು. ಕೈ ಯಾರ ಮೇಲೂ ಇರಲಿಲ್ಲ. ಮತ್ತೆ ತೇಗು ಬಂತು, ಈ ಸಲ ಬೆಳ್ಳುಳ್ಳಿಯಿಲ್ಲದೆ, ಆ ಇನ್ನೊಂದು ರುಚಿ ಮಾತ್ರ.

ದವಾಖಾನೆಗೆ ಹೋಗದೆ ಅವನು ರಿಕ್ಷಾ ಹತ್ತಬಾರದೆಂದು, ಅವಳು ಎದ್ದು ಮೊಳೆಯಲ್ಲಿ ತೂಗುತ್ತಿದ್ದ ಅದರ ಕೀಲಿ ತೆಗೆದಳು. ಸೆರಗಿನ ತುದಿಗೆ ಹಾಕಿ ಗಂಟು ಬಿಗಿದಳು, ಅದರ ಮೇಲೆ ಇನ್ನೊಂದು ಗಂಟು, ಮತ್ತೊಂದು. ಮೋರಿಯಲ್ಲಿ ನೀರು ಬೀಳುತ್ತಲೇ ಇತ್ತು.